ಎರಡು ಕಾಯಿಲೆ, ಒಂದೇ ಡಬ್ಬ: ಬಸವನಹಳ್ಳಿಯ ಆಲ್ಬಂ ಅಂಗಡಿಯ ಪ್ರಕರಣ

ಆಷಾಢದಲ್ಲಿ ಮದುವೆ ಇಲ್ಲ, ಆದರೆ ಮದುವೆ ಆಲ್ಬಂ ಮಾಡುವವರಿಗೆ ಬಿಡುವೂ ಇಲ್ಲ. ವೈಶಾಖ, ಜ್ಯೇಷ್ಠದಲ್ಲಿ ಸಾಲುಸಾಲಾಗಿ ಮುಗಿದ ಮದುವೆಗಳ ಫೋಟೊಗಳೆಲ್ಲ ಆ ತಿಂಗಳಲ್ಲೇ ಪುಟಗಳಾಗಬೇಕು, ಶ್ರಾವಣ ಹುಟ್ಟುವಷ್ಟರಲ್ಲಿ ಆಯಾ ಮನೆ ಸೇರಬೇಕು. ಚಿಕ್ಕಮಗಳೂರಿನ ಬಸವನಹಳ್ಳಿ ಕಡೆ ಅಂಥದೊಂದು ಅಂಗಡಿ ನಡೆಸುವ ಅಕ್ಕ ಕಂಪ್ಯೂಟರ್ ರಿಪೇರಿ ಮಾಡುವ ನನಗೆ ಫೋನ್ ಮಾಡಿದ್ದು ಪುನರ್ವಸು ಮಳೆ ಹಿಡಿದು ಕೂತಿದ್ದ ಒಂದು ಸೋಮವಾರ. ಕಂಪ್ಯೂಟರ್ ದಿನಕ್ಕೆ ಎರಡು ಮೂರು ಸಲ ತಾನಾಗಿ ಬಿದ್ದುಹೋಗುತ್ತಿತ್ತು. ಮೂರು ವಾರದಿಂದ ಹೀಗೇ. ಅಷ್ಟರಲ್ಲಿ ಬೇರೆಯವರು ಎರಡು ಸಲ ಫಾರ್ಮ್ಯಾಟ್ ಮಾಡಿದ್ದರು, ಹಳೆ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದ್ದರು, ವೈರಸ್ ಎಂದು ಹೇಳಿ ಆ್ಯಂಟಿವೈರಸ್ ಮಾರಿದ್ದರು. ಪ್ರತಿ ಫಾರ್ಮ್ಯಾಟ್ ಆದಮೇಲೂ ಎರಡು ಮೂರು ದಿನ ಚೆನ್ನಾಗಿ ನಡೆದು ಮತ್ತೆ ಅದೇ ಕಥೆ.

ಈ ಪ್ರಕರಣವನ್ನು ಪೂರ್ತಿ ಬರೆದಿಡಬೇಕು ಎನ್ನಿಸಿದ್ದಕ್ಕೆ ಕಾರಣವಿದೆ. ಇಲ್ಲಿ ಎರಡು ಪರೀಕ್ಷೆಗಳು ‘ಸರಿಯಾಗಿದೆ’ ಎಂದವು, ನಾನು ಎರಡನ್ನೂ ನಂಬಿದೆ, ಎರಡೂ ಕಡೆ ತಪ್ಪಿದೆ. ಪರೀಕ್ಷೆ ಸುಳ್ಳು ಹೇಳಿರಲಿಲ್ಲ. ನಾನು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟಿತ್ತು.

ಯಂತ್ರದ ವಿವರ ಇಷ್ಟು: ಆರು ವರ್ಷ ಹಳೆಯ ಡೆಸ್ಕ್‌ಟಾಪ್, ಎಂಟು ಜಿಬಿಯ ಎರಡು ಡಿಡಿಆರ್4 ಸ್ಟಿಕ್ ಸೇರಿ, ಕೆಲಸದ ಹೊತ್ತಿನ ಮೆಮೊರಿಯಾದ 16 ಜಿಬಿ ರ್‍ಯಾಮ್, ಸಣ್ಣದೊಂದು ಗ್ರಾಫಿಕ್ಸ್ ಕಾರ್ಡ್, ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆ ಬೇಕಾದ ವೋಲ್ಟ್‌ಗೆ ಇಳಿಸಿ ಕೊಡುವ, ಕ್ಯಾಬಿನೆಟ್ ಜೊತೆಗೇ ಬಂದಿದ್ದ 450 ವ್ಯಾಟ್‌ನ ಎಸ್‌ಎಂಪಿಎಸ್, ವಿಂಡೋಸ್ 10. ಹಿಂದೆ ಒಂದು ಯುಪಿಎಸ್, ಅದರ ಬ್ಯಾಟರಿ ವರ್ಷದ ಕೆಳಗೆ ಹೊಸದಾಗಿ ಹಾಕಿದ್ದು. ಅಂಗಡಿ ಎಂದರೆ ಒಂದೇ ಕೋಣೆ. ಮಳೆಗಾಲದಲ್ಲಿ ಗೋಡೆಗೆ ಬೂಷ್ಟು ಹಿಡಿಯುತ್ತದೆ, ಕಿಟಕಿ ತೆಗೆಯುವ ಹಾಗಿಲ್ಲ. ಕಂಪ್ಯೂಟರ್ ಮೇಜಿನ ಕೆಳಗೆ, ಮರದ ಗೂಡಿನೊಳಗೆ ಇಟ್ಟಿದ್ದರು.

ಮೊದಲ ದಿನ ಎಲ್ಲರೂ ಮಾಡುವುದನ್ನೇ ಮಾಡಿದೆ. ಡಬ್ಬವನ್ನು ಗೂಡಿನಿಂದ ಹೊರಗೆಳೆದು, ಪಕ್ಕದ ಮುಚ್ಚಳ ಬಿಚ್ಚಿ, ಧೂಳು ಹೊಡೆದೆ. ರ್‍ಯಾಮ್ ಸ್ಟಿಕ್‌ಗಳನ್ನು ತೆಗೆದು ಅದರ ಚಿನ್ನದ ಬಣ್ಣದ ಅಂಚುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ ಮತ್ತೆ ಕೂರಿಸಿದೆ. ನಮ್ಮಲ್ಲಿ ಹೆಚ್ಚಿನವರು ರಬ್ಬರ್‌ನಿಂದ ಉಜ್ಜುತ್ತಾರೆ. ಅದು ಕೆಲಸ ಮಾಡುತ್ತದೆ, ಆದರೆ ತೆಳು ಲೇಪವನ್ನೂ ಸವೆಸುತ್ತದೆ, ಪುಡಿ ಸ್ಲಾಟ್‌ಗೆ ಬೀಳುತ್ತದೆ, ಹಾಗಾಗಿ ನಾನು ಬಿಟ್ಟಿದ್ದೇನೆ. ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ಸ್ ಆದ ಬಯಾಸ್‌ನಲ್ಲಿ ರ್‍ಯಾಮ್‌ನ ವೇಗ ಹೆಚ್ಚಿಸಿಟ್ಟಿಲ್ಲ ಎಂದು ಖಚಿತ ಮಾಡಿಕೊಂಡೆ. ಪ್ರೊಸೆಸರ್‌ನ ಬಿಸಿ, ಎಸ್‌ಎಸ್‌ಡಿಯ ಸ್ಮಾರ್ಟ್ ಅಂಕಿಗಳು (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ಎಲ್ಲವೂ ಮಾಮೂಲು. ಮಲ್ಟಿಮೀಟರ್ ಹಿಡಿದು ಹಳದಿ ತಂತಿಯ 12 ವೋಲ್ಟ್ ನೋಡಿದೆ: 12.08. ನಿಯಮದ ಪ್ರಕಾರ ಶೇಕಡಾ 5ರಷ್ಟು ಹೆಚ್ಚುಕಡಿಮೆ ಇರಬಹುದು, ಅಂದರೆ 11.40ರಿಂದ 12.60. ಕೆಂಪು ತಂತಿಯ 5 ವೋಲ್ಟ್ ಕೂಡ ಸರಿಯಿತ್ತು. ಕೊನೆಗೆ ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಪ್ಲಸ್ ಓಡಿಸಿದೆ. 1994ರಲ್ಲಿ ಕ್ರಿಸ್ ಬ್ರಾಡಿ ಬರೆದ ಮೆಮ್‌ಟೆಸ್ಟ್86ರಿಂದ ಕವಲೊಡೆದು ಬೆಳೆದ, ರ್‍ಯಾಮ್ ಪರೀಕ್ಷಿಸುವ, ಉಚಿತವಾಗಿ ಸಿಗುವ ತಂತ್ರಾಂಶ ಅದು. ಒಂದು ಸುತ್ತು ಮುಗಿಯಿತು, ತಪ್ಪು ಸೊನ್ನೆ.

‘ಸ್ಟಿಕ್ ಸರಿಯಾಗಿ ಕೂತಿರಲಿಲ್ಲ ಅನ್ನಿಸುತ್ತೆ ಅಕ್ಕ, ಈಗ ನೋಡಿ’ ಎಂದು ಹೇಳಿ ಹೊರಟೆ. ಬುಧವಾರ ಫೋನ್ ಬಂತು.

‘ಅಣ್ಣ, ನೀವು ಎದುರಿಗಿದ್ದಾಗ ಇದು ಎಷ್ಟು ಸಾಧು ಆಗಿರುತ್ತೆ ನೋಡಿ. ನೀವು ಆ ಕಡೆ ಹೋದ್ರಿ, ಇದು ಈ ಕಡೆ ಶುರು ಮಾಡ್ತು.’

ಎದುರಿಗಿದ್ದಾಗ ಸಾಧು. ಈ ಮಾತು ನನ್ನನ್ನು ಕಾಡಿತು. ನಾನಿದ್ದಾಗ ಏನು ಬೇರೆಯಾಗಿತ್ತು? ಮುಚ್ಚಳ ತೆಗೆದಿತ್ತು, ಡಬ್ಬ ಗೂಡಿನಿಂದ ಹೊರಗಿತ್ತು, ಬೆಳಗಿನ ಚಳಿ ಇತ್ತು. ಇದು ಆಗಲೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಅದರ ಬದಲು ಅವರಿಗೆ ಒಂದು ಹಳೆ ನೋಟ್‌ಬುಕ್ ತೆಗೆದಿಡಲು ಹೇಳಿದೆ. ಬಿದ್ದಾಗಲೆಲ್ಲ ನಾಲ್ಕೇ ವಿಷಯ ಬರೆಯಬೇಕು: ಎಷ್ಟು ಗಂಟೆ, ಏನು ಮಾಡುತ್ತಿದ್ದಿರಿ, ಪರದೆ ನೀಲಿಯಾಯಿತೇ (ವಿಂಡೋಸ್ ತಾನೇ ತಪ್ಪು ಕಂಡು ನಿಲ್ಲುವಾಗ ಬರುವ ಪರದೆ) ಇಲ್ಲ ಒಮ್ಮೆಲೇ ಕಪ್ಪಾಯಿತೇ, ಆ ಹೊತ್ತಿಗೆ ಕೋಣೆಯ ಲೈಟ್ ಮಿಟುಕಿತೇ.

ಒಂಬತ್ತು ದಿನ ಬರೆದರು. ಮದುವೆ ಖರ್ಚಿನ ಲೆಕ್ಕ ಬರೆಯುವಷ್ಟೇ ಅಚ್ಚುಕಟ್ಟಾಗಿ. ಒಂದು ಸಾಲು ಹೀಗಿತ್ತು: ‘ಬುಧವಾರ, ಸಂಜೆ 4.20, ಆಲ್ದೂರಿನ ಮದುವೆ 14ನೇ ಪುಟ ಸೇವ್ ಮಾಡುವಾಗ, ನೀಲಿ, ಲೈಟ್ ಸರಿ.’ ಇನ್ನೊಂದು: ‘ಗುರುವಾರ, ಬೆಳಿಗ್ಗೆ 11.05, ಸುಮ್ಮನೆ ಫೋಲ್ಡರ್ ನೋಡುತ್ತಿದ್ದೆ, ಕಪ್ಪು, ಲೈಟ್ ಒಂದು ಸಲ ಮಿಟುಕಿತು.’

ಒಟ್ಟು 17 ಸಲ. ನೀಲಿ 11, ಕಪ್ಪು 6. ನೀಲಿ ಬಿದ್ದದ್ದೆಲ್ಲ ಮಧ್ಯಾಹ್ನದ ಮೇಲೆ, ದೊಡ್ಡ ಫೈಲ್‌ಗಳು ತೆರೆದಿರುವಾಗ. ಕಪ್ಪಾದದ್ದು ಹೊತ್ತುಗೊತ್ತಿಲ್ಲದೆ, ಆದರೆ ಆರರಲ್ಲಿ ಐದು ಸಲ ಲೈಟ್ ಮಿಟುಕಿದಾಗ.

ಇದನ್ನು ವಿಂಡೋಸ್‌ನ ಇವೆಂಟ್ ವ್ಯೂವರ್ (ಒಳಗೆ ನಡೆದದ್ದರ ದಿನಚರಿ) ಜೊತೆ ಇಟ್ಟು ನೋಡಿದೆ. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಎದ್ದಾಗಲೆಲ್ಲ ‘ಕರ್ನೆಲ್ ಪವರ್ 41’ ಎಂಬ ದಾಖಲೆ ಬೀಳುತ್ತದೆ. ಅದನ್ನು ನೋಡಿದ ತಕ್ಷಣ ‘ಪವರ್ ಅಂತಿದೆ, ಎಸ್‌ಎಂಪಿಎಸ್ ಹೋಗಿದೆ’ ಎನ್ನುವವರಿದ್ದಾರೆ. ಹಾಗಲ್ಲ. ಆ ದಾಖಲೆಯ ವಿವರದಲ್ಲಿ ‘ಬಗ್‌ಚೆಕ್ ಕೋಡ್’ ಎಂಬ ಒಂದು ಸಾಲಿದೆ, ಓದಬೇಕಾದದ್ದು ಅದನ್ನು. ನೀಲಿ ಪರದೆ ಬಂದು ಬಿದ್ದಿದ್ದರೆ ಅಲ್ಲಿ ಒಂದು ಸಂಖ್ಯೆ ಇರುತ್ತದೆ. ವಿಂಡೋಸ್‌ಗೆ ಏನೂ ಹೇಳಲು ಸಮಯವೇ ಸಿಗದೆ ಕರೆಂಟ್ ಹೋದ ಹಾಗೆ ನಿಂತಿದ್ದರೆ ಸೊನ್ನೆ ಇರುತ್ತದೆ. ನೋಟ್‌ಬುಕ್‌ನ ಆರು ಕಪ್ಪುಗಳಿಗೆ ಆರೂ ಸೊನ್ನೆ. ಹನ್ನೊಂದು ನೀಲಿಗಳಿಗೆ 26, 80, 10, ಮತ್ತೆ 26, ಮತ್ತೆ 80, ಹೀಗೆ. 26 ಎಂದರೆ ಮೆಮೊರಿ ಮ್ಯಾನೇಜ್‌ಮೆಂಟ್. 80 ಮತ್ತು 10 ಎಂದರೆ ಹೋಗಬಾರದ ಮೆಮೊರಿ ವಿಳಾಸಕ್ಕೆ ಯಾವುದೋ ಕೋಡ್ ಕೈ ಹಾಕಿದೆ ಎಂದು. ಒಂದೇ ಡ್ರೈವರ್ (ಯಾವುದೋ ಒಂದು ಭಾಗವನ್ನು ನಡೆಸುವ ತಂತ್ರಾಂಶ) ಕೆಟ್ಟಿದ್ದರೆ ಸಾಮಾನ್ಯವಾಗಿ ಒಂದೇ ಬಗೆಯ ದೂರು, ಒಂದೇ ಫೈಲ್ ಹೆಸರು ಮರುಕಳಿಸುತ್ತದೆ. ಇಲ್ಲಿ ದಿನಕ್ಕೊಂದು ಹೆಸರು, ದಿನಕ್ಕೊಂದು ಫೈಲ್. ಹೀಗೆ ಕಂಡರೆ ನನ್ನ ಅನುಮಾನ ಮೊದಲು ಹೋಗುವುದು ರ್‍ಯಾಮ್ ಕಡೆಗೇ.

ಮೂರು ವಾರದಿಂದ ಎಲ್ಲರೂ, ನಾನೂ ಸೇರಿ, ಒಂದೇ ಕಾಯಿಲೆಗೆ ಮದ್ದು ಹುಡುಕುತ್ತಿದ್ದೆವು. ಇದ್ದದ್ದು ಎರಡು. ಈ ನೋಟ್‌ಬುಕ್ ಇಲ್ಲದಿದ್ದರೆ ಅದು ಗೊತ್ತಾಗುವ ದಾರಿ ನನಗೆ ಕಾಣುವುದಿಲ್ಲ. ಒಂದನ್ನು ಸರಿಪಡಿಸಿದರೂ ಇನ್ನೊಂದು ಬೀಳಿಸುತ್ತದೆ, ಆಗ ಮಾಡಿದ ಸರಿಯಾದ ಕೆಲಸವೂ ತಪ್ಪೆಂದು ಕಾಣುತ್ತದೆ, ಹೊಸ ಭಾಗವನ್ನು ಮತ್ತೆ ಕಿತ್ತು ಹಾಕುತ್ತೇವೆ.

ಮೊದಲು ನೀಲಿ.

ಅಕ್ಕ ಒಂದು ಫೋಟೊ ತೋರಿಸಿದರು. ಧಾರೆಯ ಹೊತ್ತಿನದು. ಮೇಲಿನ ಅರ್ಧ ಸ್ವಚ್ಛ: ಮಂಟಪದ ಬಾಳೆಕಂದು, ಸೇವಂತಿಗೆ ಸರ, ಹುಡುಗಿಯ ಹಣೆಯ ಬಾಸಿಂಗ. ಅಲ್ಲಿಂದ ಕೆಳಗೆ ಗೆರೆ ಹೊಡೆದ ಹಾಗೆ ಎಲ್ಲವೂ ಹಸಿರು ಮಿಶ್ರಿತ ಬೂದು, ಚಿತ್ರ ಒಂದಿಷ್ಟು ಪಕ್ಕಕ್ಕೂ ಸರಿದಿತ್ತು. ‘ಕ್ಯಾಮೆರಾದ ಕಾರ್ಡ್ ಹಾಳಾಗಿರಬೇಕು ಅಂತ ಹೊಸ ಕಾರ್ಡ್ ತಗೊಂಡೆ’ ಎಂದರು. ಇಂಥವು ನಾಲ್ಕೈದು ಇದ್ದವಂತೆ. ಬೀಳುವುದಕ್ಕೂ ಇದಕ್ಕೂ ಸಂಬಂಧವಿದೆ ಎಂದು ಅವರಿಗೆ ಅನ್ನಿಸಿರಲಿಲ್ಲ, ಹಾಗಾಗಿ ಹೇಳಿರಲಿಲ್ಲ.

ಜೆಪೆಗ್ ಫೈಲ್ ಇಡೀ ಚಿತ್ರವನ್ನು ಚಿಕ್ಕ ಚೌಕಗಳಾಗಿ ಒಡೆದು, ಪ್ರತಿ ಚೌಕದ ಸರಾಸರಿ ಬಣ್ಣವನ್ನು ಹಿಂದಿನ ಚೌಕಕ್ಕಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದೇ ಬರೆದಿಡುತ್ತದೆ. ಬರೆಯುವ ಸಂಕೇತಗಳ ಉದ್ದವೂ ಒಂದೇ ಸಮ ಇರುವುದಿಲ್ಲ. ನಡುವೆ ಒಂದೇ ಒಂದು ಬಿಟ್ (0 ಇಲ್ಲವೇ 1) ತಿರುಗಿದರೂ ಅಲ್ಲಿಂದ ಮುಂದಿನ ಲೆಕ್ಕವೆಲ್ಲ ಜಾರುತ್ತದೆ. ಹಾಗಾಗಿಯೇ ಆ ಗೆರೆ. ಕಾರ್ಡ್ ಮೂಲವೋ ಕಂಪ್ಯೂಟರ್ ಮೂಲವೋ ಎಂದು ನೋಡುವುದು ಸುಲಭವಿತ್ತು. ಆ ಕಾರ್ಡನ್ನು ನನ್ನ ಲ್ಯಾಪ್‌ಟಾಪ್‌ಗೆ ಹಾಕಿದೆ. ಅದೇ ಫೋಟೊ, ಕೆಳಗಿನ ತನಕ ಸ್ವಚ್ಛ.

ಕಾರ್ಡ್‌ನಲ್ಲಿರುವ ಮೂಲ ಫೈಲನ್ನೂ ಅಂಗಡಿಯ ಕಂಪ್ಯೂಟರ್‌ನ ನಕಲನ್ನೂ ನನ್ನ ಲ್ಯಾಪ್‌ಟಾಪ್‌ನಲ್ಲಿಟ್ಟು, ವಿಂಡೋಸ್‌ನಲ್ಲೇ ಇರುವ ‘ಎಫ್‌ಸಿ’ ಆದೇಶದಿಂದ ಬೈಟ್ ಬೈಟ್ ಹೋಲಿಸಿದೆ. ಹಲವು ಎಂಬಿಯ ಫೈಲ್‌ನಲ್ಲಿ ಬೇರೆಯಾಗಿದ್ದದ್ದು ಒಂದೇ ಬೈಟ್. ಮೂಲದಲ್ಲಿ 5ಬಿ, ನಕಲಿನಲ್ಲಿ 4ಬಿ. ಹದಿನಾರರ ಲೆಕ್ಕದಲ್ಲಿ (0ರಿಂದ 9, ಆಮೇಲೆ 10ರಿಂದ 15ಕ್ಕೆ ಎ ಇಂದ ಎಫ್ ಅಕ್ಷರಗಳು) ಬರೆದ ಈ ಎರಡು ಸಂಖ್ಯೆಗಳ ನಡುವೆ ಇರುವ ಅಂತರ 16, ಅಂದರೆ ಎಂಟು ಬಿಟ್‌ಗಳಲ್ಲಿ ಒಂದು ಮಾತ್ರ ತಿರುಗಿದೆ. ಎರಡನೇ ಫೋಟೊ ಹೋಲಿಸಿದೆ. ಅದರಲ್ಲೂ ಒಂದೇ ಬೈಟ್, ಅಂತರ 16. ಮೂರನೆಯದರಲ್ಲಿ ಸಂಖ್ಯೆ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು, ಆದರೆ ಅಂತರ ಮತ್ತೆ 16. ಇನ್ನೂ ಒಂದು ಸಂಗತಿ: ಫೈಲ್‌ನೊಳಗೆ ಆ ಬೈಟ್ ಎಷ್ಟನೇ ಜಾಗದಲ್ಲಿದೆ ಎಂದು ತೋರಿಸುವ ಸಂಖ್ಯೆ ಮೂರರಲ್ಲೂ ಬೇರೆ ಬೇರೆ, ಆದರೆ ಕೊನೆಯ ಮೂರು ಅಂಕಿ ಮೂರರಲ್ಲೂ ‘ಎ38’.

ವಿಂಡೋಸ್ ಫೈಲ್‌ಗಳನ್ನು ರ್‍ಯಾಮ್‌ಗೆ ತರುವುದು 4096 ಬೈಟ್‌ಗಳ ಪುಟಗಳಲ್ಲಿ. ಫೈಲ್‌ನ ಯಾವ ಪುಟ ರ್‍ಯಾಮ್‌ನ ಯಾವ ಜಾಗಕ್ಕೆ ಹೋಗುತ್ತದೆ ಎಂಬುದು ಪ್ರತಿ ಸಲ ಬದಲಾಗುತ್ತದೆ, ಆದರೆ ಪುಟದೊಳಗಿನ ಜಾಗ ಬದಲಾಗುವುದಿಲ್ಲ. 4096 ಎಂದರೆ 16 × 16 × 16, ಹಾಗಾಗಿ ಹದಿನಾರರ ಲೆಕ್ಕದಲ್ಲಿ ಪುಟದೊಳಗಿನ ಜಾಗ ಹೇಳುವುದು ಸರಿಯಾಗಿ ಕೊನೆಯ ಮೂರು ಅಂಕಿ. ಹಾಗಾದರೆ ರ್‍ಯಾಮ್‌ನಲ್ಲಿ ಕೆಟ್ಟ ಜಾಗ ಇರುವುದೇ ನಿಜವಾದರೆ ಅದರ ವಿಳಾಸವೂ ಎ38ರಲ್ಲೇ ಮುಗಿಯಬೇಕು.

ಆ ರಾತ್ರಿ ಮೆಮ್‌ಟೆಸ್ಟ್ ಮತ್ತೆ ಓಡಿಸಿದೆ, ಈ ಸಲ ಅಕ್ಕ ಕೆಲಸ ಮಾಡುವ ಹಾಗೆಯೇ: ಮುಚ್ಚಳ ಹಾಕಿ, ಡಬ್ಬವನ್ನು ಗೂಡಿಗೆ ತಳ್ಳಿ, ಸಂಜೆಯ ತನಕ ಫೋಟೊಶಾಪ್ ಓಡಿ ಬಿಸಿಯಾಗಿದ್ದ ಯಂತ್ರವನ್ನು ಆರಲು ಬಿಡದೆ. ಬೀಗ ಹಾಕಿ ಹೋದೆವು. ಬೆಳಿಗ್ಗೆ ಬಾಗಿಲು ತೆಗೆದಾಗ ಪರದೆಯ ಮೇಲೆ ಕೆಂಪು ಸಾಲುಗಳು. ಮೊದಲ ಸುತ್ತಿನಲ್ಲಿ ಒಂದೂ ಇಲ್ಲ, ಎರಡನೆಯದರ ಕೊನೆಗೆ ಶುರು. ಬರಬೇಕಾದದ್ದು ಎಂಟೂ ಎಫ್, ಬಂದದ್ದರಲ್ಲಿ ಏಳನೆಯ ಎಫ್ ಇದ್ದ ಕಡೆ ಇ. ಅದೇ 16ರ ಬಿಟ್. ಏಳು ವಿಳಾಸಗಳು ಬಿದ್ದಿದ್ದವು, ಏಳೂ ಎ38ರಲ್ಲಿ ಮುಗಿಯುತ್ತಿದ್ದವು.

ಅಕ್ಕನನ್ನು ಕರೆದು ಫೋಟೊದ ಸಂಖ್ಯೆ ಬರೆದ ಚೀಟಿ ಪಕ್ಕದಲ್ಲಿ ಹಿಡಿದು ತೋರಿಸಿದೆ. ಅವರು ಎರಡನ್ನೂ ಒಂದೊಂದೇ ಅಕ್ಷರ ಓದಿ ನೋಡಿ, ‘ಇದೇ ಅಲ್ವಾ ಅಣ್ಣ ನನ್ನ ಫೋಟೊ ತಿಂದಿದ್ದು’ ಎಂದರು. ಇದೇ.

ಮೊದಲ ಸಲ ಯಾಕೆ ಸಿಗಲಿಲ್ಲ ಎಂಬುದಕ್ಕೆ ಉತ್ತರ ರ್‍ಯಾಮ್ ಕೆಲಸ ಮಾಡುವ ಬಗೆಯಲ್ಲೇ ಇದೆ. ಅದರಲ್ಲಿ ಪ್ರತಿ ಬಿಟ್ ಒಂದು ಪುಟ್ಟ ಕೆಪಾಸಿಟರ್‌ನಲ್ಲಿ ಹಿಡಿದಿಟ್ಟ ವಿದ್ಯುತ್. ಅದು ಸೋರುತ್ತಲೇ ಇರುತ್ತದೆ, ಹಾಗಾಗಿ 64 ಮಿಲಿಸೆಕೆಂಡ್‌ಗೊಮ್ಮೆ ಎಲ್ಲವನ್ನೂ ಓದಿ ಮತ್ತೆ ತುಂಬಬೇಕು. ಬಿಸಿಯಾದಷ್ಟೂ ಸೋರಿಕೆ ಹೆಚ್ಚು. 85 ಡಿಗ್ರಿ ಸೆಲ್ಸಿಯಸ್ ದಾಟಿದರೆ ಎರಡು ಪಟ್ಟು ಬೇಗ ತುಂಬಬೇಕೆಂದು ಮಾನದಂಡವೇ ಹೇಳುತ್ತದೆ. ಗಟ್ಟಿ ಕೋಶಗಳಿಗೆ (ಒಂದೊಂದು ಬಿಟ್ ಹಿಡಿಯುವ ಜಾಗಗಳಿಗೆ) 64 ಮಿಲಿಸೆಕೆಂಡ್ ಏನೂ ಅಲ್ಲ. ಅಂಚಿನಲ್ಲಿರುವ ಬಡ ಕೋಶ ಬೆಳಗಿನ ಚಳಿಯಲ್ಲಿ, ಮುಚ್ಚಳ ತೆಗೆದ ಡಬ್ಬದಲ್ಲಿ ಹೇಗೋ ತಾಳಿಕೊಳ್ಳುತ್ತದೆ, ಮಧ್ಯಾಹ್ನ ಮುಚ್ಚಿದ ಗೂಡಿನಲ್ಲಿ ಕೈಬಿಡುತ್ತದೆ. ನಾನು ಪರೀಕ್ಷಿಸಿದ್ದು ಚಳಿಯ ರ್‍ಯಾಮನ್ನು, ಅಕ್ಕ ದುಡಿಸುತ್ತಿದ್ದದ್ದು ಬಿಸಿ ರ್‍ಯಾಮನ್ನು.

ಬಿಸಿಯ ವಿಷಯದಲ್ಲಿ ಒಂದು ಮಾತು ಸೇರಿಸಬೇಕು. 2009ರಲ್ಲಿ ಸಂಶೋಧಕಿ ಬಿಯಾಂಕಾ ಶ್ರೋಡರ್ ಮತ್ತು ಗೂಗಲ್‌ನ ಇಬ್ಬರು ಸೇರಿ ಆ ಸಂಸ್ಥೆಯ ಸರ್ವರ್‌ಗಳ ರ್‍ಯಾಮ್ ಮೇಲೆ ದೊಡ್ಡ ಅಧ್ಯಯನ ಪ್ರಕಟಿಸಿದರು. ವರ್ಷದಲ್ಲಿ ಶೇಕಡಾ 8ಕ್ಕಿಂತ ಹೆಚ್ಚು ಸ್ಟಿಕ್‌ಗಳಲ್ಲಿ ತಪ್ಪು ಕಂಡಿತ್ತು. ತಪ್ಪುಗಳಲ್ಲಿ ಹೆಚ್ಚಿನವು ಆಕಸ್ಮಿಕವಲ್ಲ, ಹಾರ್ಡ್‌ವೇರ್ ಕೆಟ್ಟೇ ಬಂದವು ಎಂದು ಅವರು ತೋರಿಸಿದರು. ಬಿಸಿಯ ಪ್ರಭಾವ ಅಂದುಕೊಂಡದ್ದಕ್ಕಿಂತ ಕಡಿಮೆ ಎಂದೂ ಹೇಳಿದರು. ಅದು ಗಾಳಿಯ ವ್ಯವಸ್ಥೆ ಇರುವ ಸರ್ವರ್ ಕೋಣೆಗಳ ಮಾತು. ಈ ಅಂಗಡಿಯ ಈ ಸ್ಟಿಕ್‌ನ ಮಟ್ಟಿಗೆ ಬಿಸಿಯೇ ಬಾಯಿ ಬಿಡಿಸಿತು. ಸರ್ವರ್‌ಗಳಲ್ಲಿ ಒಂದು ಬಿಟ್ ತಪ್ಪನ್ನು ತಾನೇ ತಿದ್ದಿಕೊಳ್ಳುವ ಇಸಿಸಿ ರ್‍ಯಾಮ್ ಇರುತ್ತದೆ. ನಮ್ಮ ಮೇಜಿನ ಕೆಳಗಿನ ಡಬ್ಬಗಳಲ್ಲಿ ಸಾಮಾನ್ಯವಾಗಿ ಅದಿಲ್ಲ.

ಬೀಳುವುದಕ್ಕೆ ಲೆಕ್ಕವೇ ಇಲ್ಲದಂತೆ ಕಂಡದ್ದೂ ಈಗ ತಿಳಿಯಾಯಿತು. ಕೆಟ್ಟ ಜಾಗ ಬದಲಾಗುತ್ತಿರಲಿಲ್ಲ, ಆ ಹೊತ್ತಿಗೆ ಅಲ್ಲಿ ಏನು ಕೂತಿದೆ ಎಂಬುದು ಬದಲಾಗುತ್ತಿತ್ತು. ಖಾಲಿ ಇದ್ದರೆ ಏನೂ ಆಗದು. ಫೋಟೊ ಇದ್ದರೆ ಬಣ್ಣಗೆಟ್ಟ ಪಟ್ಟೆ. ವಿಂಡೋಸ್‌ನ ಸ್ವಂತ ಲೆಕ್ಕಪತ್ರ ಇದ್ದರೆ ನೀಲಿ ಪರದೆ. ಫಾರ್ಮ್ಯಾಟ್ ಮಾಡಿದ ಹೊಸತರಲ್ಲಿ ಹೊರೆ ಕಡಿಮೆ, ಆ ಜಾಗ ಖಾಲಿ ಬಿದ್ದಿರುವ ಸಂಭವ ಹೆಚ್ಚು, ಹಾಗಾಗಿ ಎರಡು ಮೂರು ದಿನ ನೆಮ್ಮದಿ.

ಇಷ್ಟಾದರೂ ಸ್ಟಿಕ್ ತಪ್ಪೋ ಸ್ಲಾಟ್ ತಪ್ಪೋ ಎಂಬುದು ಉಳಿದಿತ್ತು. ಮದರ್‌ಬೋರ್ಡ್ ಕೆಟ್ಟಿದ್ದು ಹೊಸ ರ್‍ಯಾಮ್ ತರಿಸಿದರೆ ಅಕ್ಕನ ದುಡ್ಡು ದಂಡ. ಸ್ಟಿಕ್‌ಗಳಿಗೆ ಟೇಪ್ ಅಂಟಿಸಿ ಅ, ಬ ಎಂದು ಬರೆದೆ. ‘ಅ’ ಒಂದನ್ನೇ ಹಾಕಿ ರಾತ್ರಿಯಿಡೀ ಓಡಿಸಿದೆ: ಸ್ವಚ್ಛ. ಅದೇ ಸ್ಲಾಟ್‌ಗೆ ‘ಬ’ ಹಾಕಿದೆ: ಗಂಟೆಯೊಳಗೆ ಕೆಂಪು. ‘ಬ’ವನ್ನು ಇನ್ನೊಂದು ಸ್ಲಾಟ್‌ಗೆ ಹಾಕಿದೆ: ಅಲ್ಲೂ ಕೆಂಪು. ‘ಅ’ವನ್ನು ಆ ಸ್ಲಾಟ್‌ನಲ್ಲಿಟ್ಟಾಗ ಸ್ವಚ್ಛ. ಒಂದೇ ಸ್ಟಿಕ್ ಇರುವಾಗ ವಿಳಾಸಗಳ ಹಂಚಿಕೆ ಬೇರೆ, ಹಾಗಾಗಿ ಎ38 ಹೋಗಿ ಬೇರೆ ಅಂಕಿ ಬಂತು. ಬಿಟ್ ಮಾತ್ರ ಅದೇ. ತಪ್ಪು ಸ್ಟಿಕ್ ಜೊತೆಗೆ ಹೋಗುತ್ತಿತ್ತು, ಸ್ಲಾಟ್ ಜೊತೆಗೆ ಉಳಿಯುತ್ತಿರಲಿಲ್ಲ. ಎರಡನ್ನೂ ತೆಗೆದು ಹೊಸ ಜೋಡಿ ಹಾಕಿ, ಮುಚ್ಚಿದ ಗೂಡಿನಲ್ಲೇ ಎರಡು ರಾತ್ರಿ ಪರೀಕ್ಷಿಸಿದೆ. ಆಮೇಲೆ ನೀಲಿ ಪರದೆ ಬರಲಿಲ್ಲ.

ಕಪ್ಪು ಬಂತು, ನಾಲ್ಕನೇ ದಿನ. ನೋಟ್‌ಬುಕ್ ಇದ್ದದ್ದರಿಂದ ಯಾರೂ ಗಾಬರಿಯಾಗಲಿಲ್ಲ.

ಎಲ್ಲರ ಬೆರಳು ಯುಪಿಎಸ್ ಕಡೆ ಹೋಗಿತ್ತು. ಲೈಟ್ ಮಿಟುಕಿದಾಗ ಕಂಪ್ಯೂಟರ್ ಹೋಗುತ್ತದೆ ಎಂದರೆ ಯುಪಿಎಸ್ ಹಿಡಿಯುತ್ತಿಲ್ಲ ಎಂದೇ ತಾನೇ? ಅದಕ್ಕೆ ಪಕ್ಕದ ಜೆರಾಕ್ಸ್ ಅಂಗಡಿಯಿಂದ ಕಂಪ್ಯೂಟರ್ ತಂದು ಅದೇ ಯುಪಿಎಸ್‌ಗೆ ಹಾಕಿ, ಗೋಡೆಯ ಪ್ಲಗ್ ಹತ್ತು ಸಲ ಕಿತ್ತೆ. ಹತ್ತೂ ಸಲ ಅದು ಅಲುಗಾಡಲಿಲ್ಲ. ಅಕ್ಕನ ಕಂಪ್ಯೂಟರ್ ಹಾಕಿ ಹತ್ತು ಸಲ ಕಿತ್ತೆ. ಮೂರು ಸಲ ಕಪ್ಪಾಗಿ ಮತ್ತೆ ಶುರುವಾಯಿತು, ಮೂರೂ ಸಲ ಫೋಟೊಶಾಪ್ ಭಾರದ ಕೆಲಸ ಮಾಡುತ್ತಿದ್ದಾಗ.

ಇಂಥ ಯುಪಿಎಸ್ ಬ್ಯಾಟರಿಗೆ ಬದಲಾಗಲು ಕೆಲವು ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಆ ಸಂದಿಯನ್ನು ಎಸ್‌ಎಂಪಿಎಸ್ ತನ್ನೊಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಕೂಡಿಟ್ಟ ವಿದ್ಯುತ್‌ನಿಂದ ದಾಟಬೇಕು. ಡೆಸ್ಕ್‌ಟಾಪ್‌ಗಳ ಎಟಿಎಕ್ಸ್ ವಿನ್ಯಾಸದ ಮಾರ್ಗಸೂಚಿ ಕೇಳುವುದು ಕನಿಷ್ಠ 16 ಮಿಲಿಸೆಕೆಂಡ್‌ನ ಆಸುಪಾಸು. ನಮ್ಮ 50 ಹರ್ಟ್ಸ್ ಕರೆಂಟ್‌ನ ಒಂದು ಪೂರ್ಣ ಅಲೆಗೆ 20 ಮಿಲಿಸೆಕೆಂಡ್, ಅಂದರೆ ಒಂದು ಅಲೆಗೂ ಕಡಿಮೆ. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಬಿಸಿಯಲ್ಲಿ ಒಣಗುತ್ತದೆ. ಹತ್ತು ಡಿಗ್ರಿ ಏರಿದರೆ ಆಯಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್‌ನವರ ರೂಢಿಯ ಲೆಕ್ಕ. ಆರು ವರ್ಷ ಗೂಡಿನಲ್ಲಿ ಬೆಂದ ಈ ಎಸ್‌ಎಂಪಿಎಸ್‌ನಲ್ಲಿ ಆ ಸಂದಿ ದಾಟುವ ತ್ರಾಣ ಉಳಿದಿರಲಿಲ್ಲ. ಕರೆಂಟ್ ಸ್ಥಿರವಾಗಿದ್ದಾಗ ಅದು ನಿಜಕ್ಕೂ ಚೆನ್ನಾಗಿತ್ತು, ನನ್ನ ಮಲ್ಟಿಮೀಟರ್ ತೋರಿಸಿದ 12.08 ಸುಳ್ಳಲ್ಲ. ಸೆಕೆಂಡಿಗೆ ಎರಡು ಮೂರು ಸಲ ಅಳೆದು ತೋರಿಸುವ ಮೀಟರ್‌ಗೆ ಹತ್ತು ಮಿಲಿಸೆಕೆಂಡ್‌ನ ಕುಸಿತ ಕಾಣುವುದೇ ಇಲ್ಲ. ಮಲೆನಾಡಿನ ಮಳೆಗಾಲದಲ್ಲಿ ಕೊಂಬೆ ತಂತಿಗೆ ತಾಗಿದಾಗಲೆಲ್ಲ ಕರೆಂಟ್ ಮಿಟುಕುತ್ತದೆ. ಬೇಸಿಗೆಯಲ್ಲಿ ಈ ಕಾಯಿಲೆ ತೋರದೆ ಇದ್ದದ್ದೂ ಅದಕ್ಕೇ ಇರಬೇಕು.

ನನ್ನ ಬಳಿ ಇದ್ದ ಒಂದು ಒಳ್ಳೆಯ ಎಸ್‌ಎಂಪಿಎಸ್ ತಾತ್ಕಾಲಿಕವಾಗಿ ಜೋಡಿಸಿ, ಅದೇ ಭಾರದಲ್ಲಿ 20 ಸಲ ಪ್ಲಗ್ ಕಿತ್ತೆ. ಒಮ್ಮೆಯೂ ಬೀಳಲಿಲ್ಲ. ಆಮೇಲೆಯೇ ಹೊಸದು ತರಿಸಿದ್ದು. ಹಳೆಯದನ್ನು ಬಿಚ್ಚಿ ಕೆಪಾಸಿಟರ್ ಬದಲಿಸೋಣ ಎಂದು ಅಕ್ಕನ ತಮ್ಮ ಕೇಳಿದ. ಬೇಡ ಎಂದೆ. 230 ವೋಲ್ಟ್ ಒಳಗೆ ಹೋಗಿ ಆ ಕೆಪಾಸಿಟರ್‌ನಲ್ಲಿ 300 ದಾಟಿ ಕೂತಿರುತ್ತದೆ, ಪ್ಲಗ್ ತೆಗೆದಮೇಲೂ ಕೆಲ ಹೊತ್ತು ಇರುತ್ತದೆ. ಅಭ್ಯಾಸವಿಲ್ಲದ ಕೈ ಅಲ್ಲಿಗೆ ಹೋಗಬಾರದು. ಮರದ ಗೂಡಿನ ಹಿಂಬದಿಯ ಹಲಗೆಯನ್ನು ಅವನೇ ಕೊಯ್ದು ತೆಗೆದ, ಅದು ಒಳ್ಳೆಯ ಕೆಲಸವಾಯಿತು.

ಉಳಿದದ್ದು ಫೋಟೊಗಳು. ನನ್ನ ಮಟ್ಟಿಗೆ ಇದೇ ದೊಡ್ಡ ನಷ್ಟ, ಬೀಳುವುದಕ್ಕಿಂತ ದೊಡ್ಡದು. ಬಿದ್ದರೆ ಗೊತ್ತಾಗುತ್ತದೆ, ಫೈಲ್ ಒಳಗೊಳಗೇ ಕೆಟ್ಟರೆ ಗೊತ್ತಾಗುವುದಿಲ್ಲ. ಅಕ್ಕ ಬ್ಯಾಕಪ್ ಇಟ್ಟಿದ್ದರು, ತಪ್ಪದೆ, ಹೊರಗಿನ ಹಾರ್ಡ್‌ಡಿಸ್ಕ್‌ನಲ್ಲಿ. ಆದರೆ ಆ ನಕಲೂ ಇದೇ ರ್‍ಯಾಮ್ ಹಾದು ಹೋಗಿತ್ತು. ಕಾರ್ಡ್‌ಗಳು ಉಳಿದಿದ್ದ ಮದುವೆಗಳ ಫೋಟೊಗಳನ್ನೆಲ್ಲ ಹೊಸದಾಗಿ ಇಳಿಸಿ, ಪ್ರತಿ ಫೈಲ್‌ನ ಎಸ್‌ಎಚ್‌ಎ 256 ಮೊತ್ತವನ್ನು (ಫೈಲ್‌ನ ಬೆರಳಚ್ಚಿನಂಥ ಸಂಖ್ಯೆ, ಒಂದು ಬಿಟ್ ಬದಲಾದರೂ ಬೇರೆಯಾಗುತ್ತದೆ) ಹಳೆಯ ನಕಲಿನ ಮೊತ್ತದ ಜೊತೆ ಹೋಲಿಸಿದೆವು. ಎರಡು ಸಾವಿರ ಚಿಲ್ಲರೆ ಫೋಟೊಗಳಲ್ಲಿ 14 ಹೊಂದಲಿಲ್ಲ. ಕಣ್ಣಿಗೆ ಕಂಡಿದ್ದದ್ದು ಐದು ಮಾತ್ರ. ಹದಿನಾಲ್ಕಕ್ಕೂ ಕಾರ್ಡ್‌ನಿಂದ ಸರಿಯಾದದ್ದು ಸಿಕ್ಕಿತು, ಅವು ಸೇರಿದ್ದ ಪುಟಗಳನ್ನು ಅಕ್ಕ ಮತ್ತೆ ಕಟ್ಟಿದರು.

ಒಂದು ಮದುವೆಯ ಕಾರ್ಡ್ ಮಾತ್ರ ಆಗಲೇ ಅಳಿಸಿ ಮರುಬಳಕೆಯಾಗಿತ್ತು. ಹೋಲಿಸಲು ಮೂಲವಿಲ್ಲದ್ದರಿಂದ ಆ ಮದುವೆಯ ಫೋಟೊಗಳನ್ನು ನಾವಿಬ್ಬರೂ ಒಂದು ಸಂಜೆ ಕೂತು ಒಂದೊಂದಾಗಿ ತೆರೆದು ನೋಡಿದೆವು. ಎರಡು ಕೆಟ್ಟಿದ್ದವು. ಒಂದು ಊಟದ ಪಂಕ್ತಿಯದು, ಅಂಥದು ಬೇರೆ ಹತ್ತಿದ್ದವು. ಇನ್ನೊಂದರಲ್ಲಿ ಮದುಮಗಳ ಅಜ್ಜಿ ಅಕ್ಷತೆ ಹಿಡಿದ ಕೈ ಎತ್ತಿದ್ದರು, ಅವರದು ಅದೊಂದೇ ಫೋಟೊ. ಹಸಿರು ಪಟ್ಟೆ ಅವರ ಮೊಣಕೈ ಕೆಳಗಿನಿಂದ ಶುರುವಾಗಿತ್ತು. ಮುಖ, ಕೈ, ಬೆರಳ ಸಂದಿಯ ಅಕ್ಕಿಕಾಳು ಎಲ್ಲ ಮೇಲಿನ ಸ್ವಚ್ಛ ಭಾಗದಲ್ಲೇ ಇತ್ತು. ಅಕ್ಕ ಅಷ್ಟನ್ನು ಕತ್ತರಿಸಿ, ದೊಡ್ಡದು ಮಾಡಿ, ಪುಟದ ತುಂಬ ಅದೊಂದನ್ನೇ ಇಟ್ಟರು.